ನರಕೋಶ ವಿಭಜನೆಯಾಗುವುದಿಲ್ಲ, ಹಾಗಾದರೆ ಅದರಿಂದ ಇಲಿ ಹುಟ್ಟಿದ್ದು ಹೇಗೆ?

ನರ ಅಂಗಾಂಶ ಒಂದು ಅಧ್ಯಾಯ, ತದ್ರೂಪಿ ಸೃಷ್ಟಿ (ಕ್ಲೋನಿಂಗ್) ಇನ್ನೆಲ್ಲೋ ಇರುವ ಮತ್ತೊಂದು ಅಧ್ಯಾಯ. ಬೇರೆ ಬೇರೆಯಾಗಿ ಓದಿದಾಗ ನನಗೆ ಎರಡೂ ಬಾಯಿಪಾಠವಾದವೇ ಹೊರತು ಅರ್ಥವಾಗಲಿಲ್ಲ. ಒಂದರ ಪಕ್ಕ ಒಂದಿಟ್ಟು ಓದಿದ ಮೇಲೆ ತಿಳಿಯಿತು. ಅದೇ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಸ್ಲೈಡ್. ಬೆನ್ನುಹುರಿಯ ಅಡ್ಡಛೇದವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಡುವೆ ಚಿಟ್ಟೆಯ ಆಕಾರದ ಬೂದು ಭಾಗ ಕಾಣುತ್ತದೆ. ಅದರ ಮುಂದಿನ ಕೊಂಬಿನಲ್ಲಿ ಮೂಲೆ ಮೂಲೆಯಾಗಿ ಚಾಚಿಕೊಂಡ ದೊಡ್ಡ ಕೋಶಗಳಿರುತ್ತವೆ. ಸ್ನಾಯುಗಳಿಗೆ ಆಜ್ಞೆ ಕಳಿಸುವ ಚಾಲಕ ನರಕೋಶಗಳು ಇವೇ. ಒಳಗೆಲ್ಲ ನೇರಳೆ ಬಣ್ಣ ಹಿಡಿದ ನಿಸಲ್ ಕಣಗಳು, ನಡುವೆ ತಿಳಿಬಣ್ಣದ ದುಂಡು ಕೋಶಕೇಂದ್ರ, ಅದರ ನಡುವೆ ಗೂಬೆಯ ಕಣ್ಣುಗುಡ್ಡೆಯಂತೆ ಒಂದು ಕಪ್ಪು ಚುಕ್ಕೆ. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕೋಶದ ಒಂದು ಮೂಲೆಯಲ್ಲಿ ಮಾತ್ರ ನಿಸಲ್ ಕಣಗಳಿರುವುದಿಲ್ಲ. ಸಂದೇಶವನ್ನು ಹೊರಗೊಯ್ಯುವ ಉದ್ದ ಎಳೆ, ಅಂದರೆ ಆಕ್ಸಾನ್, ಹೊರಡುವುದು ಅಲ್ಲಿಂದಲೇ. ಪ್ರಾಯೋಗಿಕ ಪರೀಕ್ಷೆಯಲ್ಲಿ ಸಂದೇಶ ಒಳತರುವ ಡೆಂಡ್ರೈಟ್ ಯಾವುದು, ಆಕ್ಸಾನ್ ಯಾವುದು ಎಂದು ಕೇಳಿದರೆ ಈ ಖಾಲಿ ಮೂಲೆಯನ್ನು ಹುಡುಕಿ.

ನಿಸಲ್ ಕಣಗಳೆಂದರೆ ಪ್ರೋಟೀನ್ ತಯಾರಾಗುವ ಜಾಗ. ಅಷ್ಟೊಂದು ಏಕೆ ಬೇಕು? ಕಾಲ್ಬೆರಳನ್ನು ಅಲುಗಿಸುವ ಪುಟ್ಟ ಸ್ನಾಯುವಿಗೆ ಹೋಗುವ ಆಕ್ಸಾನ್ ಸೊಂಟದ ಮೇಲ್ಭಾಗದ ಬೆನ್ನುಹುರಿಯಿಂದ ಪಾದದವರೆಗೆ, ಹತ್ತಿರ ಹತ್ತಿರ 1 ಮೀಟರ್ ಉದ್ದ ಚಾಚಿರುತ್ತದೆ. ಅಷ್ಟುದ್ದದ ಎಳೆಗೆ ಬೇಕಾದ ಸರಕಿನಲ್ಲಿ ಬಹುಪಾಲು ಆ ಒಂದು ಕೋಶಕಾಯದಿಂದಲೇ ಸಾಗಬೇಕು.

ಇಂಥ ಕೋಶ ಮತ್ತೆ ವಿಭಜನೆಯಾಗುವುದಿಲ್ಲ. ಬಲಿತ ನರಕೋಶ ಕೋಶಚಕ್ರದಿಂದ ಹೊರಬಂದು ಜಿ0 ಹಂತದಲ್ಲಿ ನಿಂತುಬಿಡುತ್ತದೆ. ಪಕ್ಕದಲ್ಲೇ ಇದ್ದು ನರಕೋಶಗಳಿಗೆ ಆಸರೆಯಾಗುವ ಗ್ಲಯಲ್ ಕೋಶಗಳಿಗೆ ವಿಭಜನೆಯ ಶಕ್ತಿ ಉಳಿದಿರುತ್ತದೆ. ವಯಸ್ಕರಲ್ಲಿ ಮೆದುಳಿನ ಅಂಗಾಂಶದಲ್ಲೇ ಹುಟ್ಟುವ ಗಡ್ಡೆಗಳು ಹೆಚ್ಚಾಗಿ ಗ್ಲಯೋಮಾಗಳೇ, ಅಂದರೆ ಗ್ಲಯಲ್ ಬಗೆಯ ಗಡ್ಡೆಗಳೇ, ಆಗಿರುವುದು ಇದಕ್ಕೆ ಹೊಂದುತ್ತದೆ.

ಇಲ್ಲೊಂದು ಎಚ್ಚರಿಕೆ. ಕೋಶ ವಿಭಜನೆಯಾಗುವುದಿಲ್ಲ ಎಂದರೆ ತುಂಡಾದ ಆಕ್ಸಾನ್ ಬೆಳೆಯುವುದೇ ಇಲ್ಲ ಎಂದಲ್ಲ. ಕೈಯ ನರ ಕತ್ತರಿಸಿಹೋಗಿ, ಶಸ್ತ್ರವೈದ್ಯರು ಅದನ್ನು ಹೊಲಿದರೆ, ನರದ ಎಳೆಗಳನ್ನು ಸುತ್ತಿಕೊಂಡಿರುವ ಶ್ವಾನ್ ಕೋಶಗಳು ದಾರಿ ಮಾಡಿಕೊಟ್ಟು ಆಕ್ಸಾನ್ ದಿನಕ್ಕೆ ಸುಮಾರು 1 ಮಿಲಿಮೀಟರ್ ಮುಂದೆ ಸಾಗುತ್ತದೆ. ಗಾಯದಿಂದ ಬೆರಳ ತುದಿಗೆ 18 ಸೆಂಟಿಮೀಟರ್ ಇದ್ದರೆ ಸ್ಪರ್ಶ ಮರಳಲು ಆರು ತಿಂಗಳಾದರೂ ಬೇಕು. ಬೆನ್ನುಹುರಿಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಆಕ್ಸಾನ್‌ಗೆ ಮಯಲಿನ್ ಎಂಬ ಕೊಬ್ಬಿನ ಕವಚ ಹೊದಿಸುವ ಆಲಿಗೋಡೆಂಡ್ರೋಸೈಟ್‌ಗಳ ಪ್ರೋಟೀನುಗಳೂ ಆಸ್ಟ್ರೋಸೈಟ್ ಎಂಬ ಗ್ಲಯಲ್ ಕೋಶಗಳು ಕಟ್ಟುವ ಗಾಯದ ಕಲೆಯೂ ಬೆಳವಣಿಗೆಯನ್ನು ತಡೆಯುತ್ತವೆ.

ಈಗ ತದ್ರೂಪಿ ಸೃಷ್ಟಿಗೆ ಬರೋಣ. ಚರ್ಮದ ಕೋಶ ಚರ್ಮವಾಗಿಯೇ, ನರಕೋಶ ನರವಾಗಿಯೇ ಉಳಿಯುವುದು ಏಕೆ? ಬೆಳೆಯುತ್ತಾ ಹೋದಂತೆ ಕೋಶವು ತನಗೆ ಬೇಡದ ಅನುವಂಶಿಕ ಮಾಹಿತಿಯನ್ನು ಕಳೆದುಕೊಳ್ಳುತ್ತದೆ ಎಂದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆಗಸ್ಟ್ ವೈಸ್‌ಮನ್ ತರ್ಕಿಸಿದ್ದರು. ಜಾನ್ ಗರ್ಡನ್ 1962ರಲ್ಲಿ ಪ್ರಕಟಿಸಿದ ಪ್ರಯೋಗ ಅದನ್ನು ಅಲ್ಲಗಳೆಯಿತು. ಗೊದಮೊಟ್ಟೆಯ ಕರುಳಿನ ಕೋಶಕೇಂದ್ರವನ್ನು ಕಪ್ಪೆಯ ಅಂಡಾಣುವಿನೊಳಗೆ ಇಟ್ಟಾಗ, ಕೆಲವೇ ಸಲವಾದರೂ, ಸಹಜವಾದ ಹೊಸ ಗೊದಮೊಟ್ಟೆ ಬೆಳೆಯಿತು. ಮಾಹಿತಿ ಎಲ್ಲೂ ಹೋಗಿರಲಿಲ್ಲ, ಸುಮ್ಮನಾಗಿತ್ತು, ಅಷ್ಟೆ. 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿದ ಡಾಲಿ ಕುರಿ ಇದೇ ಮಾತನ್ನು ಸಸ್ತನಿಯಲ್ಲೂ ನಿಜವಾಗಿಸಿತು. ಆರು ವರ್ಷದ ಕುರಿಯ ಕೆಚ್ಚಲಿನ ಕೋಶ ಬಳಸಿ ಮಾಡಿದ 277 ಪ್ರಯತ್ನಗಳಲ್ಲಿ ಬದುಕಿ ಬಂದದ್ದು ಒಂದೇ ಮರಿ. ಡಾಲಿ ನೂರಕ್ಕೆ ನೂರು ತದ್ರೂಪು ಎಂದು ಮಾತ್ರ ಬರೆಯಬೇಡಿ. ಕೋಶಕೇಂದ್ರದ ಹೊರಗಿರುವ ಮೈಟೊಕಾಂಡ್ರಿಯದಲ್ಲಿನ ಅದರ ಡಿಎನ್ಎ ಅಂಡಾಣು ಕೊಟ್ಟ ಇನ್ನೊಂದು ಕುರಿಯದು.

ಆದರೂ ಒಂದು ಅನುಮಾನ ಉಳಿಯುತ್ತದೆ. ಕರುಳು, ಕೆಚ್ಚಲುಗಳಲ್ಲಿ ವಿಭಜನೆಯಾಗಬಲ್ಲ ಕೋಶಗಳಿವೆ. ವಿಭಜನೆಯನ್ನೇ ಬಿಟ್ಟ ನರಕೋಶದ ಕತೆಯೇನು? ನನಗೆ ಅತ್ಯಂತ ಇಷ್ಟವಾದ ಪ್ರಯೋಗ ಇದಕ್ಕೆ ಉತ್ತರ ಕೊಡುತ್ತದೆ. ಇಲಿಯಲ್ಲಿ ವಾಸನೆ ಹಿಡಿಯುವ ಗ್ರಾಹಕಗಳಿಗೆ ಸುಮಾರು ಸಾವಿರ ವಂಶವಾಹಿಗಳಿವೆ. ಮೂಗಿನ ಒಂದೊಂದು ನರಕೋಶವೂ ಅವುಗಳಲ್ಲಿ ಒಂದನ್ನು ಮಾತ್ರ ಬಳಸುತ್ತದೆ. ಪ್ರತಿಕಾಯ ತಯಾರಿಸುವ ಬಿ ಕೋಶ ತನ್ನ ಡಿಎನ್ಎಯನ್ನೇ ಕತ್ತರಿಸಿ ಮರುಜೋಡಿಸಿಕೊಳ್ಳುತ್ತದಲ್ಲ, ಮೂಗಿನ ನರಕೋಶವೂ ಹಾಗೇ ಮಾಡುತ್ತಿರಬಹುದೇ? 2004ರಲ್ಲಿ ರಿಚರ್ಡ್ ಆಕ್ಸೆಲ್ ಮತ್ತು ರುಡಾಲ್ಫ್ ಯೇನಿಶ್ ಅವರ ತಂಡಗಳು ಸೇರಿ ಬಲಿತ ವಾಸನೆ ನರಕೋಶದ ಕೋಶಕೇಂದ್ರವನ್ನು ಅಂಡಾಣುವಿಗೆ ಸೇರಿಸಿದವು. ಬೆಳೆದ ಭ್ರೂಣದಿಂದ ಆಕರ ಕೋಶಗಳನ್ನು (ಯಾವ ಬಗೆಯ ಕೋಶವಾಗಿಯೂ ಬೆಳೆಯಬಲ್ಲ ಮೂಲ ಕೋಶಗಳನ್ನು) ಪಡೆದು, ಅವುಗಳಿಂದ ಇಲಿಗಳನ್ನು ಹುಟ್ಟಿಸಿದವು. ಡಿಎನ್ಎ ಕತ್ತರಿಸಿಹೋಗಿದ್ದರೆ ಆ ಇಲಿಗಳ ಮೂಗಿನಲ್ಲಿ ಒಂದೇ ಬಗೆಯ ಗ್ರಾಹಕ ತುಂಬಿರಬೇಕಿತ್ತು. ಹಾಗಾಗಿರಲಿಲ್ಲ, ಬಗೆಬಗೆಯ ಗ್ರಾಹಕಗಳೆಲ್ಲ ಇದ್ದವು. ಜಿ0ದಲ್ಲಿ ನಿಂತ ಕೋಶಕೇಂದ್ರ ಅಂಡಾಣುವಿನ ಒಳಗೆ ಮತ್ತೆ ವಿಭಜನೆಗೆ ಮರಳಿತ್ತು, ಇಡೀ ಪ್ರಾಣಿಯನ್ನೇ ಕಟ್ಟಿತ್ತು. ಬಾಗಿಲಿಗೆ ಬೀಗ ಹಾಕಿತ್ತು, ಮನೆ ಕೆಡವಿರಲಿಲ್ಲ.

ಬೀಗ ತೆರೆಯಲು ಅಂಡಾಣುವೇ ಬೇಕೆ? ಬೇಡ ಎಂದು ಶಿನ್ಯಾ ಯಮನಕ ತೋರಿಸಿದರು. ಕೋಶದೊಳಗೆ 24 ವಂಶವಾಹಿಗಳನ್ನು ಸೇರಿಸುವುದರಿಂದ ಆರಂಭಿಸಿ, ಒಂದೊಂದನ್ನೇ ಬಿಟ್ಟು ನೋಡುತ್ತಾ, ನಾಲ್ಕೇ ಸಾಕೆಂದು ಕಂಡುಕೊಂಡರು. 2006ರಲ್ಲಿ ಇಲಿಯ ಕೋಶ, 2007ರಲ್ಲಿ ಮನುಷ್ಯರ ಚರ್ಮದ ಕೋಶ ಆಕರ ಸ್ಥಿತಿಗೆ ಮರಳಿದವು. ಗರ್ಡನ್ ಮತ್ತು ಯಮನಕ 2012ರ ನೊಬೆಲ್ ಹಂಚಿಕೊಂಡರು.

ಮನುಷ್ಯರ ತದ್ರೂಪಿ ಹುಟ್ಟಿಸುವುದನ್ನು ಭಾರತದಲ್ಲಿ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾರ್ಗಸೂಚಿ ನಿಷೇಧಿಸುತ್ತದೆ. ಆಕರ ಕೋಶ ಚಿಕಿತ್ಸೆಯಲ್ಲೂ ಅದು ಸಾಮಾನ್ಯ ಚಿಕಿತ್ಸೆಯಾಗಿ ಒಪ್ಪಿರುವುದು ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವಂಥ ಅಸ್ಥಿಮಜ್ಜೆ ಕಸಿಯನ್ನು. ನಮ್ಮ ನೆಂಟರೊಬ್ಬರು ಬೆನ್ನುಹುರಿಗೆ ಪೆಟ್ಟಾದ ಮಗನಿಗಾಗಿ ಹೊಲ ಮಾರಿ ಆಕರ ಕೋಶದ ಇಂಜೆಕ್ಷನ್ ಹಾಕಿಸಿದರು. ಹುಡುಗ ಇಂದಿಗೂ ಗಾಲಿಕುರ್ಚಿಯಲ್ಲಿದ್ದಾನೆ. ಬೆನ್ನುಹುರಿಯಲ್ಲಿ ಆಕ್ಸಾನ್ ಬೆಳವಣಿಗೆಗಿರುವ, ಮೇಲೆ ಬರೆದ ಎರಡು ತಡೆಗಳನ್ನು ಯಾರಾದರೂ ಅವರಿಗೆ ಮೊದಲೇ ವಿವರಿಸಬೇಕಿತ್ತು.

ನಿಜವಾದ ಕೆಲಸ ನಿಧಾನವಾಗಿ ನಡೆಯುತ್ತಿದೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಡೋಪಮಿನ್ ಎಂಬ ಸಂದೇಶವಾಹಕ ರಾಸಾಯನಿಕ ತಯಾರಿಸುವ ಮಧ್ಯಮೆದುಳಿನ ನರಕೋಶಗಳು ಸಾಯುತ್ತವೆ. 2018ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ವೈದ್ಯರು ಯಮನಕ ವಿಧಾನದಿಂದ ಪಡೆದ ಕೋಶಗಳ ಕಸಿ ಆರಂಭಿಸಿದರು. 7 ರೋಗಿಗಳ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಕಸಿ ಮಾಡಿದ ಕೋಶಗಳು ಉಳಿದಿದ್ದವು, ಡೋಪಮಿನ್ ತಯಾರಿಸುತ್ತಿದ್ದವು, ಗಡ್ಡೆಯಾಗಿ ಬೆಳೆದಿರಲಿಲ್ಲ. ಒಂದು ಪ್ರಶ್ನೆಯನ್ನು ನೀವೇ ಬಿಡಿಸಿ ನೋಡಿ. ಸತ್ತ ಕೋಶಗಳು ಇದ್ದದ್ದು ಮಧ್ಯಮೆದುಳಿನಲ್ಲಿ, ಹೊಸ ಕೋಶಗಳನ್ನು ಇಟ್ಟದ್ದು ಅಲ್ಲಲ್ಲ, ಸತ್ತ ಕೋಶಗಳ ಆಕ್ಸಾನ್ ತುದಿ ಮುಟ್ಟುತ್ತಿದ್ದ, ಮೆದುಳಿನ ಆಳದ ಪುಟಾಮೆನ್ ಎಂಬ ಭಾಗದಲ್ಲಿ. ಏಕೆ? ವಯಸ್ಕರ ಮೆದುಳಿನಲ್ಲಿ ಅಷ್ಟು ದೂರ ಆಕ್ಸಾನ್ ಬೆಳೆಯುವುದು ಎಷ್ಟು ಕಷ್ಟ ಎಂಬುದರಲ್ಲಿ ಉತ್ತರವಿದೆ.