ಉಪ್ಪುಂಡ ಮನೆಯಲ್ಲಿ ಕತ್ತಿ

‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿ ನೋಡಿದವರನ್ನು ಕೇಳಿ, ನಿದ್ದೆ ಕೆಡಿಸಿದ ಕಂತು ಯಾವುದು ಅಂತ. ಹೆಚ್ಚಿನವರು ಮೂರನೇ ಸೀಸನ್ನಿನ ಒಂಬತ್ತನೇ ಕಂತು ಅನ್ನುತ್ತಾರೆ. 2013ರಲ್ಲಿ ಬಂದದ್ದು. ಮದುವೆಗೆ ಕರೆದು, ರೊಟ್ಟಿ ಉಪ್ಪು ಕೊಟ್ಟು, ಹೊಟ್ಟೆ ತುಂಬ ಊಟ ಹಾಕಿ, ಆಮೇಲೆ ಬಾಗಿಲು ಮುಚ್ಚಿ ಬಂದವರನ್ನೆಲ್ಲ ಕಡಿದು ಹಾಕುವ ಕಂತು. ಅದರ ಮಾತು ಬಂದಾಗ ಎಲ್ಲರಿಗೂ ನೆನಪಾಗುವುದು ರಕ್ತ. ನನ್ನನ್ನು ಕಾಡಿದ್ದು ಆ ರೊಟ್ಟಿ ಮತ್ತು ಉಪ್ಪು.

ನಾನು ಕೊಡಗಿನಲ್ಲಿ ಸಿವಿಲ್ ಕೇಸು ನಡೆಸುವ ವಕೀಲ. ತೋಟದ ಪಾಲು, ದಾರಿ, ಬೇಲಿ, ಬಾಣೆ ಜಮೀನು, ಉಯಿಲು, ಇವೇ ದಿನದ ಕೆಲಸ. ಕೋರ್ಟು ಕಳಿಸಿದ ಕೇಸುಗಳಲ್ಲಿ ಮಧ್ಯಸ್ಥಗಾರನಾಗಿಯೂ ಕೂರುತ್ತೇನೆ. ಅಣ್ಣ ತಮ್ಮಂದಿರು, ದೊಡ್ಡಪ್ಪನ ಮಕ್ಕಳು, ಚಿಕ್ಕಪ್ಪನ ಮಕ್ಕಳು ಒಂದೇ ಮೇಜಿನ ಎರಡು ಬದಿಗೆ ಕೂತಾಗ ಏನೇನಾಗುತ್ತದೆ ಅಂತ ನೋಡಿದವರಿಗೆ ಈ ಧಾರಾವಾಹಿ ಬೇರೆಯೇ ತರ ಕಾಣುತ್ತದೆ. ಡ್ರ್ಯಾಗನ್, ಹಿಮದ ಗೋಡೆ, ಕಬ್ಬಿಣದ ಸಿಂಹಾಸನ ಎಲ್ಲ ಪಕ್ಕಕ್ಕಿಟ್ಟರೆ ಉಳಿಯುವುದು ಕೆಲವು ದೊಡ್ಡ ಮನೆತನಗಳ ಹಕ್ಕಿನ ಜಗಳ. 2011ರಿಂದ 2019ರವರೆಗೆ ಎಂಟು ಸೀಸನ್, 73 ಕಂತು. ಅಷ್ಟರಲ್ಲಿ ನನಗೆ ಎದ್ದು ಕಂಡದ್ದು ಒಂದೇ ವಿಷಯ. ಸೇಡು ಎಲ್ಲಕ್ಕಿಂತ ಮೊದಲು ಸುಡುವುದು ಎದುರಾಳಿಯ ಜತೆ ಕೂತು ಮಾತಾಡುವ ಜಾಗವನ್ನು. ಆ ಜಾಗ ಹೋದ ಮೇಲೆ ಗೆದ್ದವನ ಕೈಯಲ್ಲೂ ಗೆಲುವು ನಿಲ್ಲುವುದಿಲ್ಲ.

ಆ ಮದುವೆಮನೆಯ ಕೊಲೆ ಎಲ್ಲಿಂದ ಶುರುವಾಯಿತು ಅಂತ ಹಿಂದಕ್ಕೆ ಹೋಗಿ ನೋಡಿ. ಸಿಂಹಾಸನ ಹಿಡಿದಿದ್ದ ಲ್ಯಾನಿಸ್ಟರ್ ಕಡೆಯವರು ತಂದೆಯ ತಲೆ ತೆಗೆದ ಮೇಲೆ ಉತ್ತರದವರು ರಾಬ್ ಸ್ಟಾರ್ಕ್‌ನನ್ನು ರಾಜ ಅಂತ ಒಪ್ಪಿಕೊಳ್ಳುತ್ತಾರೆ. ಹುಡುಗ ಯುದ್ಧದಲ್ಲಿ ಸೋತದ್ದೇ ಇಲ್ಲ. ಜೇಮಿ ಲ್ಯಾನಿಸ್ಟರ್‌ನನ್ನು ಸೆರೆ ಹಿಡಿಯುತ್ತಾನೆ. ಜೇಮಿ ತಪ್ಪಿಸಿಕೊಳ್ಳಲು ಹೋಗಿ, ರಾಬ್‌ನ ಸಾಮಂತ ರಿಕರ್ಡ್ ಕಾರ್ಸ್ಟಾರ್ಕ್‌ನ, ಕಾವಲಿಗಿದ್ದ ಮಗನನ್ನು ಕೊಲ್ಲುತ್ತಾನೆ. ಇತ್ತ ರಾಬ್‌ನ ತಾಯಿ ಕ್ಯಾಟ್ಲಿನ್, ತನ್ನ ಹೆಣ್ಣುಮಕ್ಕಳು ವಾಪಸ್ ಸಿಕ್ಕಾರು ಎಂಬ ಆಸೆಯಿಂದ, ಅದೇ ಜೇಮಿಯನ್ನು ಗುಟ್ಟಾಗಿ ಬಿಟ್ಟು ಕಳಿಸುತ್ತಾಳೆ. ಮಗನನ್ನು ಕಳಕೊಂಡ ಅಪ್ಪನಿಗೆ ಸೇಡು ತೀರಿಸಲು ಜೇಮಿ ಸಿಗುವುದಿಲ್ಲ. ಸೆರೆಯಲ್ಲಿದ್ದ ಇಬ್ಬರು ಲ್ಯಾನಿಸ್ಟರ್ ಹುಡುಗರು ಸಿಗುತ್ತಾರೆ. ಅವರನ್ನು ಕೊಲ್ಲುತ್ತಾನೆ.

ಈಗ ರಾಬ್ ಏನು ಮಾಡಬೇಕಿತ್ತು? ತಾಯಿ, ಹೆಂಡತಿ, ಸೋದರಮಾವ ಮೂವರೂ ಒಂದೇ ಮಾತು ಹೇಳುತ್ತಾರೆ: ಕೊಲ್ಲಬೇಡ, ಒತ್ತೆ ಇಟ್ಟುಕೋ, ಅವನ ಜನ ನಿನ್ನ ಜತೆಗೇ ಇರುತ್ತಾರೆ. ರಾಬ್ ಕೇಳುವುದಿಲ್ಲ. ಮಳೆಯಲ್ಲಿ ನಿಂತು ತಾನೇ ಕತ್ತಿ ಬೀಸುತ್ತಾನೆ. ಕಾರ್ಸ್ಟಾರ್ಕರು ಸ್ಟಾರ್ಕರಿಂದಲೇ ಕವಲೊಡೆದ ಮನೆತನ. ಅಂದರೆ ಹತ್ತಿರದ ರಕ್ತವನ್ನೇ ಕಡಿದ ಹಾಗಾಯಿತು. ಕಾರ್ಸ್ಟಾರ್ಕ್ ಪಡೆ ಎದ್ದು ಹೋಗುತ್ತದೆ. ಸೈನ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಆ ಕೊರತೆ ತುಂಬಲು ವಾಲ್ಡರ್ ಫ್ರೇಯ ಬಾಗಿಲಿಗೆ ಹೋಗಬೇಕಾಗುತ್ತದೆ. ಫ್ರೇಯ ಮಗಳನ್ನು ಮದುವೆಯಾಗುತ್ತೇನೆ ಅಂತ ಮಾತು ಕೊಟ್ಟು, ಬೇರೆಯವಳನ್ನು ಕಟ್ಟಿಕೊಂಡು ಅವಮಾನ ಮಾಡಿದವನು ಇದೇ ರಾಬ್.

ತಪ್ಪು ಮಾಡಿದ ಕಾರ್ಸ್ಟಾರ್ಕ್‌ಗೆ ಶಿಕ್ಷೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳನ್ನು ಕೊಂದವನು ಅವನು. ಆದರೆ ಶಿಕ್ಷೆ ಕೊಡುವ ಅಧಿಕಾರ ಇರುವುದು ಬೇರೆ, ಅದನ್ನು ಯಾವ ಹೊತ್ತಿನಲ್ಲಿ ಹೇಗೆ ಬಳಸಬೇಕು ಅನ್ನುವ ಲೆಕ್ಕ ಬೇರೆ. ಕೋರ್ಟಿನಲ್ಲಿ ಇದನ್ನು ದಿನಾ ನೋಡುತ್ತೇನೆ. ತಡೆಯಾಜ್ಞೆ ಸಿಕ್ಕಿತು ಅಂತ ಮರುದಿನ ಬೆಳಿಗ್ಗೆಯೇ ದಾರಿಗೆ ಬೇಲಿ ಹಾಕಿಸುತ್ತಾರೆ, ಅದೂ ಕಾಫಿ ಕೊಯ್ಲಿನ ಸಮಯದಲ್ಲಿ. ಕಾನೂನಿನ ಪ್ರಕಾರ ಹಾಕಬಹುದು. ಹಾಕಿದ ದಿನ ರಾಜಿಯ ಬಾಗಿಲಿಗೂ ಬೇಲಿ ಬಿದ್ದಿರುತ್ತದೆ.

ಇನ್ನು ರೊಟ್ಟಿ ಉಪ್ಪಿನ ವಿಷಯ. ವಾಲ್ಡರ್ ಫ್ರೇಗೆ ಅನ್ಯಾಯ ಆಗಿತ್ತು, ಸುಳ್ಳಲ್ಲ. ಆದರೆ ಆ ಅನ್ಯಾಯಕ್ಕೆ ಪರಿಹಾರವೂ ಆಗಿತ್ತು. ರಾಬ್ ಎಲ್ಲರೆದುರು ಕ್ಷಮೆ ಕೇಳುತ್ತಾನೆ. ರಾಬ್‌ನ ಬದಲು ಸೋದರಮಾವ ಎಡ್ಮ್ಯೂರ್ ಫ್ರೇಯ ಮಗಳ ಕೈ ಹಿಡಿಯುತ್ತಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಾಜಿ ಆಗಿದೆ, ಷರತ್ತು ಬರೆದಾಗಿದೆ, ಎರಡೂ ಕಡೆ ಒಪ್ಪಿಕೊಂಡಾಗಿದೆ. ಒಂದೇ ಸೂರಿನಡಿ ರೊಟ್ಟಿ ಉಪ್ಪು ತಿಂದ ಮೇಲೆ ಅತಿಥಿಯನ್ನು ಮುಟ್ಟುವಂತಿಲ್ಲ ಎಂಬುದು ಆ ನಾಡಿನ ಹಳೇ ಕಟ್ಟಳೆ. ಫ್ರೇ ಮುರಿದದ್ದು ಅದನ್ನು, ಆ ಮದುವೆಯೂಟದಲ್ಲೇ ರಾಬ್, ಅವನ ತಾಯಿ, ಹೆಂಡತಿ ಎಲ್ಲರನ್ನೂ ಕೊಲ್ಲಿಸಿದ.

ಉಪ್ಪುಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಕೊಡಗಿನಲ್ಲಿ ಊರಿನ ಮುಖ್ಯಸ್ಥರಾದ ತಕ್ಕರು ಐನ್‌ಮನೆಯ, ಅಂದರೆ ಕುಲದ ಮೂಲ ಮನೆಯ, ಜಗಲಿಯಲ್ಲಿರುವ ಐಮರದ ಹಲಗೆ ಮೇಲೆ ಕೂತು ಜಗಳ ಬಗೆಹರಿಸುತ್ತಿದ್ದರು. ನೆಲ್ಲಕ್ಕಿಯ, ಅಂದರೆ ನಡುಮನೆಯ, ದೀಪದ ಮುಂದೆ ಕೊಟ್ಟ ಮಾತಿಗೆ ಬೆಲೆ ಇತ್ತು. ಈಗಿನ ಮಧ್ಯಸ್ಥಿಕೆಗೂ ಅಂಥದ್ದೇ ಒಂದು ಕಟ್ಟಳೆ ಇದೆ. ಅಲ್ಲಿ ಆಡಿದ ಮಾತನ್ನು ಆಮೇಲೆ ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ರಾಜಿ ಆಗದಿದ್ದರೆ ‘ಆಗಲಿಲ್ಲ’ ಅಂತಷ್ಟೇ ಜಡ್ಜ್ ಸಾಹೇಬರಿಗೆ ವರದಿ ಹೋಗುತ್ತದೆ. ಯಾರು ಏನಂದರು, ಯಾರು ಅತ್ತರು, ಯಾರು ಎಷ್ಟಕ್ಕೆ ಒಪ್ಪಿದ್ದರು ಅನ್ನುವುದು ಹೋಗುವುದಿಲ್ಲ. ಈ ಧೈರ್ಯ ಇರುವುದರಿಂದಲೇ ಜನ ಬಾಯಿ ಬಿಡುತ್ತಾರೆ. ಒಂದು ಕಡೆಯವರು ಅಲ್ಲಿ ಕೇಳಿದ್ದನ್ನು ಊರಲ್ಲಿ ಹೇಳಿಕೊಂಡು ಬಂದರೆ ಮುಂದಿನ ಸಲ ಯಾರೂ ಕೂರುವುದಿಲ್ಲ.

ಫ್ರೇಗೆ ಆದದ್ದೂ ಇದೇ. ಯುದ್ಧ ಗೆದ್ದ, ರಿವರ್‌ರನ್ ಕೋಟೆ ಸಿಕ್ಕಿತು. ಆದರೆ ಹಿಡಿದಿಟ್ಟುಕೊಳ್ಳಲು ಆಗಲಿಲ್ಲ. ಕ್ಯಾಟ್ಲಿನ್‌ಳ ಚಿಕ್ಕಪ್ಪ ಬ್ಲ್ಯಾಕ್‌ಫಿಶ್ ಅದನ್ನು ಕಿತ್ತುಕೊಂಡು ಒಳಗೆ ಕೂತ. ಶರಣಾದರೆ ನಿನ್ನ ಜನರ ಪ್ರಾಣ ಉಳಿಸುತ್ತೇನೆ ಅಂತ ಜೇಮಿ ಬಂದು ಮಾತು ಕೊಟ್ಟರೂ ಆ ಮುದುಕ ನಂಬಲಿಲ್ಲ. ಹೇಗೆ ನಂಬಿಯಾನು? 2017ರ ಏಳನೇ ಸೀಸನ್ನಿನ ಮೊದಲ ದೃಶ್ಯದಲ್ಲಿ ರಾಬ್‌ನ ತಂಗಿ ಆರ್ಯಾ ಸ್ಟಾರ್ಕ್, ತಾನು ಕೊಂದ ವಾಲ್ಡರ್ ಫ್ರೇಯದೇ ಮುಖ ಹೊತ್ತು, ಅವನದೇ ಊಟದ ಮನೆಯಲ್ಲಿ, ಫ್ರೇ ಗಂಡಸರಿಗೆಲ್ಲ ವಿಷದ ವೈನ್ ಕುಡಿಸುತ್ತಾಳೆ. ನೋಡುವವರು ಚಪ್ಪಾಳೆ ತಟ್ಟಿದ ದೃಶ್ಯ. ನನಗೆ ತಟ್ಟಲು ಆಗಲಿಲ್ಲ. ಕಟ್ಟಳೆ ಮುರಿದವರನ್ನು ಅದೇ ಕಟ್ಟಳೆ ಮತ್ತೆ ಮುರಿದು ಕೊಂದದ್ದು ಅದು.

ಓಬರಿನ್ ಮಾರ್ಟೆಲ್‌ನ ಕತೆ ಇದಕ್ಕಿಂತ ಸೂಕ್ಷ್ಮ. ನನ್ನ ವೃತ್ತಿಗೆ ತೀರಾ ಹತ್ತಿರ. ಅವನ ಅಕ್ಕ ಎಲಿಯಾಳನ್ನು ಕೆಡಿಸಿ ಕೊಂದವನು ‘ಮೌಂಟನ್’ ಅನ್ನುವ ದೈತ್ಯ. ಜೇಮಿಯ ತಮ್ಮ ಟಿರಿಯನ್‌ನ ಮೇಲೆ ರಾಜನನ್ನು ಕೊಂದ ಆರೋಪ ಬಂದಾಗ, ದ್ವಂದ್ವಯುದ್ಧದಲ್ಲಿ ತೀರ್ಮಾನವಾಗಲಿ ಅಂತ ಆಗುತ್ತದೆ. ಟಿರಿಯನ್ ಪರ ಓಬರಿನ್ ನಿಲ್ಲುತ್ತಾನೆ. ಎದುರಿಗೆ ಮೌಂಟನ್. ಓಬರಿನ್ ಗೆಲ್ಲುತ್ತಾನೆ ಕೂಡ. ಈಟಿ ಚುಚ್ಚಿ ನೆಲಕ್ಕೆ ಕೆಡವಿದ್ದಾನೆ. ಮುಗಿಸಿಬಿಡಬಹುದಿತ್ತು. ಮುಗಿಸುವುದಿಲ್ಲ. ಸುತ್ತಲೂ ಓಡಾಡುತ್ತ, ಒಪ್ಪಿಕೋ, ಯಾರು ಹೇಳಿ ಮಾಡಿಸಿದ್ದು ಹೇಳು ಅಂತ ಕೂಗುತ್ತಾನೆ. ಬಿದ್ದವನು ಕಾಲು ಎಳೆದು ಕೆಡವಿ, ಓಬರಿನ್‌ನ ತಲೆಬುರುಡೆ ಒಡೆಯುತ್ತ ಒಪ್ಪಿಕೊಳ್ಳುತ್ತಾನೆ. ಕೇಳಬೇಕಿದ್ದ ಮಾತು ಕಿವಿಗೆ ಬಿತ್ತು, ಜೀವ ಹೋಯಿತು. ಅವನನ್ನು ನಂಬಿದ್ದ ಟಿರಿಯನ್‌ಗೆ ಮರಣದಂಡನೆ ಆಯಿತು. ಬೇರೆಯವರ ವಕಾಲತ್ತು ಹಿಡಿದವನು ಅದರಲ್ಲಿ ತನ್ನ ಹಳೇ ಲೆಕ್ಕ ಚುಕ್ತಾ ಮಾಡಲು ಹೋಗಬಾರದು ಅಂತ ನಮ್ಮ ಕಿರಿಯ ವಕೀಲರಿಗೆ ಹೇಳುವಾಗ ನನಗೆ ಈ ದೃಶ್ಯವೇ ನೆನಪಿಗೆ ಬರುತ್ತದೆ.

ಬಾಯಿಂದ ಒಪ್ಪಿಸುವ ಈ ಹಟ ಎಷ್ಟು ಕೇಸುಗಳನ್ನು ಕೆಡಿಸುತ್ತದೆ ಗೊತ್ತಾ? ಒಂದು ಪಾಲಿನ ದಾವೆ ಹೇಳುತ್ತೇನೆ, ಗುರುತು ಸಿಗದ ಹಾಗೆ. ಅಣ್ಣ ತಮ್ಮ. ಕೊಯ್ಲಿನ ದಿನಗಳಲ್ಲಿ ಅಣ್ಣ ಕಣಕ್ಕೆ ಹೋಗುವ ದಾರಿಗೆ ಬೀಗ ಹಾಕಿದ. ಕೆಲವು ದಿನ ಕಳೆದು ನೋಡಿದರೆ ಅಣ್ಣನ ಬದಿಯ ಸಿಲ್ವರ್ ಮರಗಳ ಮೇಲಿನ ಮೆಣಸಿನ ಬಳ್ಳಿ ಸಾಲಾಗಿ ಬಾಡುತ್ತಿವೆ. ಬುಡದಲ್ಲಿ ಕತ್ತಿಯ ಗುರುತು. ಬಳ್ಳಿ ಫಸಲಿಗೆ ಬರಲು ವರ್ಷಗಳು ಬೇಕು. ಕೊಡಗಿನವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ. ಮಧ್ಯಸ್ಥಿಕೆಯಲ್ಲಿ ಜಮೀನಿನ ಪಾಲು ಒಪ್ಪಿಗೆಯಾಯಿತು, ದಾರಿಯ ಅಗಲ ಒಪ್ಪಿಗೆಯಾಯಿತು, ಪರಿಹಾರದ ಹಣ ಕೊಡಲೂ ತಮ್ಮ ತಯಾರಿದ್ದ. ಅಣ್ಣ ಮಾತ್ರ ಜಗ್ಗಲಿಲ್ಲ. “ದುಡ್ಡು ಬೇಡ ವಕೀಲರೇ. ಕಡಿದದ್ದು ನಾನೇ ಅಂತ ಅವನ ಬಾಯಲ್ಲಿ ಬರಲಿ, ಸಾಕು.” ತಮ್ಮ ತಲೆ ಬಗ್ಗಿಸಿ ಕೂತ. ಪೊಲೀಸ್ ದೂರು ಬಾಕಿ ಇತ್ತು, ಬಾಯಿ ಬಿಡಲು ಹೆದರಿಕೆ. ಆಗ ತಮ್ಮನ ಹೆಂಡತಿ ಅಂದರು: “ಭಾವ, ಮಳೆ ಹಿಡಿದ ಮೇಲೆ ತವರಿಂದ ಬಳ್ಳಿ ತಂದು ನಾನೇ ನೆಡ್ತೇನೆ.” ಅಣ್ಣ ತುಂಬ ಹೊತ್ತು ಕೂತಿದ್ದರು. ಆಮೇಲೆ, “ಪನ್ನಿಯೂರು ತಳಿ ಬೇಡ, ನಮ್ಮ ಹಳೇ ಬಳ್ಳಿಯೇ ತಾ” ಅಂದರು. ತಪ್ಪೊಪ್ಪಿಗೆ ಯಾರ ಬಾಯಿಂದಲೂ ಬರಲಿಲ್ಲ. ರಾಜಿ ಪತ್ರಕ್ಕೆ ಸಹಿ ಬಿತ್ತು.

ಇಲ್ಲೊಂದು ಮಾತು ಸೇರಿಸಲೇಬೇಕು. ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಬ್ಬದಲ್ಲಿ ಪೂಜೆ ಮಾಡುವ ಕೋವಿ ಅದು. ಅದರ ಗೌರವ ಉಳಿಯಬೇಕು ಅಂತಲೇ ಹೇಳುತ್ತೇನೆ, ಮನೆಯ ಜಗಳವನ್ನು ಬೇಗ ಯಾರೆದುರಾದರೂ ಕೂತು ಮಾತಾಡಿ. ಗೋಡೆ ಮೇಲೆ ಕೋವಿ ಇರುವ ಮನೆಯಲ್ಲಿ ಸಿಟ್ಟನ್ನು ವರ್ಷಗಟ್ಟಲೆ ಬೆಳೆಸಬಾರದು.

ಹಾಗಾದರೆ ಈ ಧಾರಾವಾಹಿಯಲ್ಲಿ ನಾಯಕ ಅನ್ನಿಸಿಕೊಳ್ಳುವ ಹಾಗೆ ನಡೆದವರು ಯಾರು? ನನ್ನ ಮಟ್ಟಿಗೆ, ರಾಬ್‌ನ ತಮ್ಮನಾಗಿ ಬೆಳೆದ ಜಾನ್ ಸ್ನೋ, ಅದೂ ಒಂದು ಚಿಕ್ಕ ದೃಶ್ಯದಲ್ಲಿ. ಅದೇ ಏಳನೇ ಸೀಸನ್ನಿನ ಮೊದಲ ಕಂತು. ರಾಬ್ ಕತ್ತರಿಸಿದ ಆ ತಲೆಯ ಸಿಟ್ಟು ಆರದೆ ಕಾರ್ಸ್ಟಾರ್ಕರು, ಉತ್ತರವನ್ನು ಕಿತ್ತುಕೊಂಡಿದ್ದ ಬೋಲ್ಟನ್ ಕಡೆ ಸೇರಿದ್ದರು, ಅಂಬರ್ ಮನೆತನವೂ ಸೇರಿತ್ತು. ಯುದ್ಧ ಮುಗಿದು ಜಾನ್ ಗೆದ್ದಿದ್ದಾನೆ. ದ್ರೋಹ ಮಾಡಿದವರ ಕೋಟೆ ಕಿತ್ತು ನಿಯತ್ತಿನವರಿಗೆ ಕೊಡು ಅನ್ನುತ್ತಾಳೆ ತಂಗಿ ಸಾನ್ಸಾ. ಅವಳ ಮಾತಿನಲ್ಲಿ ನ್ಯಾಯ ಇದೆ. ಜತೆಗೆ ನಿಂತು ಮಕ್ಕಳನ್ನು ಕಳಕೊಂಡವರಿಗೆ ಏನೂ ಇಲ್ಲ ಅಂದರೆ ನಾಳೆ ಯಾರು ಬರುತ್ತಾರೆ? ಜಾನ್ ಒಪ್ಪುವುದಿಲ್ಲ. ದ್ರೋಹ ಮಾಡಿದವರು ಸತ್ತಿದ್ದಾರೆ, ಅಪ್ಪಂದಿರ ತಪ್ಪಿಗೆ ಮಕ್ಕಳ ಮನೆ ಕಿತ್ತುಕೊಳ್ಳುವುದಿಲ್ಲ ಅನ್ನುತ್ತಾನೆ. ಎಲಿಸ್ ಕಾರ್ಸ್ಟಾರ್ಕ್ ಅನ್ನುವ ಹುಡುಗಿ, ನೆಡ್ ಅಂಬರ್ ಅನ್ನುವ ಪುಟ್ಟ ಹುಡುಗ ತುಂಬಿದ ಸಭೆಯಲ್ಲಿ ಮುಂದೆ ಬಂದು ಮಂಡಿಯೂರುತ್ತಾರೆ. ಅಣ್ಣ ಕಳಕೊಂಡ ಮನೆತನವನ್ನು ತಮ್ಮ ಒಂದು ಮಾತಿನಲ್ಲಿ ವಾಪಸ್ ಪಡೆದ. ಮುಂದೆ ಸತ್ತವರ ಸೈನ್ಯ ವಿಂಟರ್‌ಫೆಲ್‌ಗೆ ನುಗ್ಗಿದಾಗ ಕಾರ್ಸ್ಟಾರ್ಕರು ಸ್ಟಾರ್ಕರ ಜತೆಗೇ ನಿಂತರು.

ಸಿಂಹಾಸನ ತನ್ನದು ಅಂತ ಡ್ರ್ಯಾಗನ್‌ಗಳ ಜತೆ ಹೊರಟ ಡೆನೇರಿಸ್ ಇದಕ್ಕೆ ತದ್ವಿರುದ್ಧ. ಮಿರೀನ್ ಪಟ್ಟಣದ ಒಡೆಯರು 163 ಗುಲಾಮ ಮಕ್ಕಳನ್ನು ದಾರಿಯುದ್ದಕ್ಕೂ ಕಂಬಕ್ಕೆ ಜಡಿದಿದ್ದರು. ಅವಳು ಊರು ಗೆದ್ದು 163 ಒಡೆಯರನ್ನು ಜಡಿಸುತ್ತಾಳೆ. ಲೆಕ್ಕ ಸರಿಯಾಯಿತು. ಯಾರು ಮಾಡಿದವರು, ಯಾರು ಬೇಡ ಅಂದವರು ಅಂತ ಕೇಳಲಿಲ್ಲ. ಆಮೇಲೆ ಹಿಜ್ದಾರ್ ಬಂದು, ನನ್ನ ಅಪ್ಪ ಆ ಮಕ್ಕಳ ಕೊಲೆಯನ್ನು ವಿರೋಧಿಸಿದ್ದವರು, ಅವರ ಹೆಣ ಇಳಿಸಿ ಮಣ್ಣು ಮಾಡಲು ಬಿಡಿ ಅಂತ ಬೇಡುತ್ತಾನೆ. ಕೊನೆಗೆ 2019ರಲ್ಲಿ ರಾಜಧಾನಿಯ ಗಂಟೆಗಳು ಬಾರಿಸುತ್ತವೆ. ಸೋತೆವು, ಶರಣಾದೆವು ಅನ್ನುವ ಸೂಚನೆ ಅದು. ಗಂಟೆ ಕೇಳಿದ ಮೇಲೂ ಅವಳು ಊರು ಸುಡುತ್ತಾಳೆ. ಶರಣಾದವರನ್ನೂ ಸುಡುವವಳ ಮುಂದೆ ಇನ್ನು ಯಾರು ಶರಣಾಗುತ್ತಾರೆ?

ದೂರದ ಕತೆ ಅಂತ ಅನ್ನಿಸಿದರೆ ಕೊಡಗನ್ನು ಆಳಿದ ಹಾಲೇರಿ ವಂಶದ ಅರಸರ ಸಮಾಧಿ ಇರುವ ಮಡಿಕೇರಿಯ ಗದ್ದಿಗೆಗೆ ಹೋಗಿ ಬನ್ನಿ. ದೊಡ್ಡವೀರರಾಜೇಂದ್ರ 1809ರಲ್ಲಿ ತೀರಿಕೊಂಡಾಗ ಪಟ್ಟ ಸೇರಿದ್ದು ಮಗಳು ದೇವಮ್ಮಾಜಿಗೆ. 1811ರಲ್ಲಿ ಅದು ಚಿಕ್ಕಪ್ಪ ಲಿಂಗರಾಜೇಂದ್ರನ ಪಾಲಾಯಿತು. ಅವನ ಮಗ ಚಿಕ್ಕವೀರರಾಜೇಂದ್ರ 1820ರಲ್ಲಿ ಪಟ್ಟಕ್ಕೆ ಬಂದು ದಾಯಾದಿಗಳ ಭಯದಲ್ಲೇ ಆಳಿದ. 1832ರಲ್ಲಿ ಅವನ ಸ್ವಂತ ತಂಗಿ, ಅವಳ ಹೆಸರೂ ದೇವಮ್ಮಾಜಿ, ಗಂಡ ಚನ್ನಬಸಪ್ಪನ ಜತೆ ಮೈಸೂರಿಗೆ ಓಡಿ ಬ್ರಿಟಿಷರ ಆಸರೆ ಕೇಳಿದಳು. ಇವನು ವಾಪಸ್ ಕಳಿಸಿ ಅಂದ, ಅವರು ಕಳಿಸಲಿಲ್ಲ. 1834ರಲ್ಲಿ ಬ್ರಿಟಿಷ್ ಸೈನ್ಯ ಮಡಿಕೇರಿಗೆ ಬಂತು, ಹಾಲೇರಿ ವಂಶದ ಆಳ್ವಿಕೆ ಮುಗಿಯಿತು. ಆ ಅಣ್ಣ ತಂಗಿ ಎದುರುಬದುರು ಕೂರುವುದಕ್ಕೆ ಅರಮನೆಯಲ್ಲಿ ಒಂದು ಜಾಗ ಇದ್ದಿದ್ದರೆ ಅಂತ ನಾನು ಯೋಚಿಸುವುದುಂಟು. (ಮಗಳಿಗೆ ಪಟ್ಟ ಅಂದರೆ ಇವತ್ತಿಗೂ ಮುಖ ಗಂಟಿಕ್ಕುವವರಿದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿಮಾಡಿದೆ. ದಯವಿಟ್ಟು ಅಕ್ಕತಂಗಿಯರನ್ನು ಕೋರ್ಟಿಗೆ ಅಲೆಸಬೇಡಿ.)

ಧಾರಾವಾಹಿಯ ಕೊನೆಯ ಕಂತಿನಲ್ಲಿ ಅಂತೂ ಒಂದು ರಾಜಿ ಆಗುತ್ತದೆ. ಡೆನೇರಿಸ್‌ಳನ್ನು ಕೊಂದ ಜಾನ್ ಸೆರೆಯಲ್ಲಿದ್ದಾನೆ. ಅವನ ತಲೆ ಬೇಕು ಅನ್ನುತ್ತಾನೆ ಅವಳ ಸೇನಾಪತಿ ಗ್ರೇ ವರ್ಮ್, ಬಿಡುಗಡೆ ಬೇಕು ಅನ್ನುತ್ತಾರೆ ಸ್ಟಾರ್ಕರು. ಉಳಿದಿರುವ ಮನೆತನದವರು ಕೂತು ರಾಬ್‌ನ ತಮ್ಮ ಬ್ರಾನ್‌ನನ್ನು ರಾಜನಾಗಿ ಆರಿಸುತ್ತಾರೆ. ಜಾನ್‌ನನ್ನು ಗೋಡೆಯ ಕಾವಲಿಗೆ ಕಳಿಸಲಾಗುತ್ತದೆ. ಯಾರಿಗೂ ಪೂರ್ತಿ ಸಮಾಧಾನ ಇಲ್ಲ, ಅಂದರೆ ಒಳ್ಳೇ ರಾಜಿಯೇ ಇರಬೇಕು ಅಂತ ಟಿರಿಯನ್ ಅವನಿಗೆ ಹೇಳುತ್ತಾನೆ. ಈ ಅಂತ್ಯವನ್ನು ಬೈದವರು ಬಹಳ. ನನಗೆ ಆ ಸಭೆ ಹಿಡಿಸಿತು. ಅಷ್ಟು ಸಾವಿನ ನಂತರ ಮೊದಲ ಸಲ ಎಲ್ಲರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ನನ್ನ ತಕರಾರು ಇರುವುದು ಜಾರಿಯ ಬಗ್ಗೆ. ಸೇಡು ಕೇಳಿದ ಗ್ರೇ ವರ್ಮ್ ಹಡಗು ಹತ್ತಿ ನಾಥ್ ದ್ವೀಪಕ್ಕೆ ಹೊರಟುಹೋದ. ಜಾನ್ ಗೋಡೆ ದಾಟಿ ಉತ್ತರಕ್ಕೆ ನಡೆದ. ಷರತ್ತು ನಡೆಯಿತೋ ಇಲ್ಲವೋ ನೋಡುವವರಿಲ್ಲ. ನಮ್ಮಲ್ಲಿ ರಾಜಿ ಡಿಕ್ರಿಯ, ಅಂದರೆ ರಾಜಿಯಂತೆ ಕೋರ್ಟು ಕೊಟ್ಟ ತೀರ್ಪಿನ, ಮೇಲೆ ಮೇಲ್ಮನವಿ ಇಲ್ಲ, ಅದನ್ನು ಜಾರಿ ಮಾಡಿಸಲು ಸಾಮಾನ್ಯವಾಗಿ 12 ವರ್ಷ ಅವಕಾಶ ಇದೆ. ಆದ್ದರಿಂದ ರಾಜಿ ಪತ್ರ ಬರೆಸುವಾಗ ಅವಸರ ಮಾಡಬೇಡಿ. ದಾರಿ ಎಷ್ಟು ಅಡಿ, ಗೇಟಿನ ಕೀ ಯಾರ ಹತ್ತಿರ, ಸರ್ವೆ ಖರ್ಚು ಯಾರದು, ಯಾವ ತಾರೀಕಿನೊಳಗೆ ಅನ್ನುವುದನ್ನು ಒಂದೊಂದಾಗಿ ಬರೆಸಿ, ಎರಡೂ ಕಡೆಯವರು ಓದಿ, ಆಮೇಲೆ ಸಹಿ ಹಾಕಿ.