ವೈಮಾನಿಕ ದೂರ

‘ವೈಮಾನಿಕ ದೂರ ಇಷ್ಟು ಕಿಲೋಮೀಟರ್, ವಿಮಾನದ ವೇಗ ಇಷ್ಟು, ಆದ್ದರಿಂದ ಪ್ರಯಾಣ ಇಷ್ಟು ಗಂಟೆ.’ ಪ್ರವಾಸ ಬರಹಗಳಲ್ಲಿ ಈ ಭಾಗಾಕಾರ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ವೈಮಾನಿಕ ದೂರಕ್ಕೂ ವಿಮಾನಕ್ಕೂ ನಂಟು ಹೆಸರಿನಲ್ಲಷ್ಟೇ. ಭೂಮಿಯ ಮೇಲ್ಮೈಯಲ್ಲಿ ಎರಡು ಸ್ಥಳಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆಯ ಉದ್ದ ಅದು. ಆ ದಾರಿಯಲ್ಲಿ ಒಂದು ವಿಮಾನವೂ ಹಾರದಿದ್ದರೂ ಅದು ಅಷ್ಟೇ ಇರುತ್ತದೆ.

ಆ ಗೆರೆಯನ್ನು ‘ನೇರ’ ಎನ್ನುವುದರಲ್ಲೇ ಗೊಂದಲದ ಬೇರಿದೆ. ನೇರ ಹೌದು, ಆದರೆ ಗೋಳದ ಮೇಲೆ. ಗೋಡೆಯ ನಕ್ಷೆಯ ಮೇಲಲ್ಲ. ಗೋಳವನ್ನು ನಡುಮಧ್ಯಕ್ಕೆ ಸಮನಾಗಿ ಎರಡು ಹೋಳು ಮಾಡಿದರೆ ಅಂಚಿನಲ್ಲಿ ಸಿಗುವುದು ಮಹಾವೃತ್ತ. ಅದಕ್ಕಿಂತ ದೊಡ್ಡ ವೃತ್ತವನ್ನು ಆ ಗೋಳದ ಮೇಲೆ ಎಳೆಯಲಾಗದು, ‘ಮಹಾ’ ಬಂದದ್ದು ಅದಕ್ಕೇ. ಸಮಭಾಜಕ ವೃತ್ತ ಮಹಾವೃತ್ತ. ಉಳಿದ ಯಾವ ಅಕ್ಷಾಂಶವೂ ಅಲ್ಲ. ವೈಮಾನಿಕ ದೂರವೆಂದರೆ ಎರಡೂ ಸ್ಥಳಗಳನ್ನು ಹಾಯುವ ಮಹಾವೃತ್ತದ ಚಿಕ್ಕ ತುಂಡಿನ ಉದ್ದ. ಹಾಗಾಗಿ ಅದು ಭೂಮಿಯ ಅರ್ಧ ಸುತ್ತಳತೆಯನ್ನು, ಅಂದರೆ ಸುಮಾರು 20,000 ಕಿ.ಮೀ.ಗಳನ್ನು, ಮೀರುವಂತಿಲ್ಲ. 25,000 ಎಂದು ಬರೆಯುವವರು ಯಾವ ಗ್ರಹದ ಲೆಕ್ಕ ಕೊಡುತ್ತಿದ್ದಾರೋ!

ಬೀಜಿಂಗ್ ಮತ್ತು ನ್ಯೂಯಾರ್ಕ್ ಎರಡೂ ಹೆಚ್ಚುಕಡಿಮೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಅದೇ ಅಕ್ಷಾಂಶವನ್ನು ಹಿಡಿದು ಹೋದರೆ ದಾರಿ 14,000 ಕಿ.ಮೀ. ದಾಟುತ್ತದೆ. ಮಹಾವೃತ್ತದ ದಾರಿ ಸುಮಾರು 11,000 ಕಿ.ಮೀ.; ಅದು ಉತ್ತರ ಧ್ರುವದ ಸಮೀಪ ಹಾಯುತ್ತದೆ. ಗೋಳವನ್ನು ಚಪ್ಪಟೆ ಹಾಳೆಗೆ ಇಳಿಸಿದ 1569ರ ಮರ್ಕೇಟರ್ ನಕ್ಷೆಯನ್ನು ರಚಿಸಿದ್ದು ದಿಕ್ಸೂಚಿ ಹಿಡಿದ ನಾವಿಕರ ಅನುಕೂಲಕ್ಕೆ. ಅದರ ಮೇಲೆ ಸ್ಕೇಲಿಟ್ಟು ‘ವಿಮಾನ ಸುಮ್ಮನೆ ಸುತ್ತಿ ಬಳಸಿ ಹೋಗುತ್ತದೆ’ ಎಂದು ದೂರುವವರು ಒಮ್ಮೆ ಭೂಗೋಳದ ಮೇಲೆ ದಾರ ಎಳೆದು ನೋಡಲಿ.

ನಿಜವಾಗಿ ಸುತ್ತಿ ಬಳಸುವುದೂ ಉಂಟು, ಅದರ ಕಾರಣ ಬೇರೆ. 2022ರಲ್ಲಿ ರಷ್ಯಾದ ವಾಯುಪ್ರದೇಶ ಯುರೋಪಿನ ವಿಮಾನ ಸಂಸ್ಥೆಗಳಿಗೆ ಮುಚ್ಚಿದ ಮೇಲೆ, ಸುಮಾರು ಒಂಬತ್ತು ಗಂಟೆ ಹಿಡಿಯುತ್ತಿದ್ದ ಹೆಲ್ಸಿಂಕಿ–ಟೋಕಿಯೊ ಹಾರಾಟ ಹದಿಮೂರು ಗಂಟೆಯ ಆಸುಪಾಸಿಗೆ ಬಂತು. ವೈಮಾನಿಕ ದೂರ ಮಾತ್ರ ಒಂದು ಮೀಟರೂ ಹೆಚ್ಚಲಿಲ್ಲ. ಗಾಳಿಯದು ಇನ್ನೊಂದು ಆಟ. ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಪ್ರವಾಹವನ್ನು ಬೆನ್ನಿಗೆ ಪಡೆದ ವಿಮಾನ 2020ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ಲಂಡನ್ನಿಗೆ ಐದು ಗಂಟೆಯೊಳಗೆ ಬಂದಿಳಿಯಿತು. ಎದುರು ದಿಕ್ಕಿನಲ್ಲಿ ಏಳೆಂಟು ಗಂಟೆ ಬೇಕು.

ವೇಳಾಪಟ್ಟಿಯಲ್ಲಿ ಕಾಣುವುದು ಆಕಾಶದಲ್ಲಿರುವ ಅವಧಿಯೂ ಅಲ್ಲ. ಚಕ್ರಗಳಿಗೆ ಒಡ್ಡಿದ ತಡೆ ತೆಗೆದು ವಿಮಾನ ಕದಲಿದ ಕ್ಷಣದಿಂದ ಮತ್ತೆ ತಡೆ ಒಡ್ಡುವವರೆಗಿನ ಅವಧಿ ಅದು. ವಿಮಾನಯಾನದವರ ಮಾತಿನಲ್ಲಿ ಬ್ಲಾಕ್ ಟೈಮ್. ರನ್‌ವೇಗಾಗಿ ಸರದಿ ಕಾಯುವುದೂ ಇದರಲ್ಲಿ ಸೇರಿದೆ.

ಇಳಿಯುವ ಸಮಯದಿಂದ ಹೊರಡುವ ಸಮಯವನ್ನು ಕಳೆದು ಅವಧಿ ಹೇಳುವವರೂ ಇದ್ದಾರೆ. ಎರಡೂ ಆಯಾ ಊರಿನ ಗಡಿಯಾರದ ಸಮಯಗಳು. ಟೋಕಿಯೊದಿಂದ ಸಂಜೆ ಹೊರಟ ವಿಮಾನ ಲಾಸ್ ಏಂಜಲೀಸ್‌ನಲ್ಲಿ ಅದೇ ದಿನಾಂಕದ ಬೆಳಿಗ್ಗೆ ಇಳಿಯುತ್ತದೆ. ಕಳೆದು ನೋಡಿ.