ಕಡಲ ರೀವಗಳ ಪುಕ್ಕ ಮತ್ತು ವಯಸ್ಸು

ಅಮೆರಿಕದ ಪಕ್ಷಿಶಾಸ್ತ್ರಜ್ಞ ರಾಬರ್ಟ್ ರಿಡ್ಜ್‌ವೇ 1874ರಲ್ಲಿ ಬಿಳಿ ಹಣೆಯ, ಕಪ್ಪು ಕೊಕ್ಕಿನ ರೀವವೊಂದನ್ನು, ಅಂದರೆ ಟರ್ನ್ ಎಂಬ ಕಡಲಹಕ್ಕಿಯೊಂದನ್ನು, ಹೊಸ ಪ್ರಭೇದವೆಂದು ವರ್ಣಿಸಿ ಅದಕ್ಕೆ ಸ್ಟರ್ನಾ ಪೋರ್ಟ್‌ಲ್ಯಾಂಡಿಕಾ ಎಂಬ ಹೆಸರನ್ನಿತ್ತರು. ಅದು ಹೊಸ ಹಕ್ಕಿಯಾಗಿರಲಿಲ್ಲ. ಸುಮಾರು ಒಂದು ವರ್ಷ ವಯಸ್ಸಿನ, ಇನ್ನೂ ಪ್ರೌಢ ಪುಕ್ಕವನ್ನು ತಳೆಯದಿದ್ದ ಆರ್ಕ್ಟಿಕ್ ರೀವವಾಗಿತ್ತು. ಪ್ರಭೇದವಾಗಿ ಆ ಹೆಸರು ಉಳಿಯಲಿಲ್ಲವಾದರೂ, ಆ ವಯಸ್ಸಿನ ಪುಕ್ಕವನ್ನು ಸೂಚಿಸಲು ಪಕ್ಷಿವೀಕ್ಷಕರು ಅದನ್ನು ಇಂದಿಗೂ ಬಳಸುತ್ತಾರೆ. ರೀವಗಳ ಅಧ್ಯಯನದಲ್ಲಿ ಪ್ರಭೇದ ಯಾವುದೆಂದು ಕೇಳುವ ಮೊದಲು ಹಕ್ಕಿಯ ವಯಸ್ಸೆಷ್ಟು, ಅದರ ಗರಿಗಳು ಎಷ್ಟು ಹಳೆಯವು ಎಂದು ಕೇಳಬೇಕಾದ ಕಾರಣ ಈ ಪ್ರಸಂಗದಲ್ಲೇ ಇದೆ.

ಗೂಡು ಬಿಟ್ಟು ಹಾರಲು ಕಲಿತ ಎಳೆಹಕ್ಕಿಯನ್ನು ಗುರುತಿಸುವುದು ಕಷ್ಟವಲ್ಲ. ಬೆನ್ನಿನ ಹಾಗೂ ರೆಕ್ಕೆಯ ಮೇಲ್ಭಾಗದ ಗರಿಗಳಿಗೆ ಕಂದು ಅಥವಾ ಕಪ್ಪು ಗುರುತುಗಳೂ ತಿಳಿಬಣ್ಣದ ಅಂಚುಗಳೂ ಇರುವುದರಿಂದ ಬೆನ್ನು ಮೀನಿನ ಹುರುಪೆಯಂತೆ ಕಾಣುತ್ತದೆ. ಬಾಲದ ಹೊರಗರಿಗಳು ಮೋಟಾಗಿರುತ್ತವೆ. ಸಾಮಾನ್ಯ ರೀವದ ಎಳೆಹಕ್ಕಿಯಲ್ಲಿ ಕೆಳಕೊಕ್ಕಿನ ಬುಡ ಕಿತ್ತಳೆ ಅಥವಾ ನಸುಗೆಂಪಾಗಿರುತ್ತದೆ, ರೆಕ್ಕೆಯ ಮುಂದಿನ ಅಂಚಿನಲ್ಲಿ ಗಾಢವಾದ ಪಟ್ಟೆ ಇರುತ್ತದೆ, ದ್ವಿತೀಯಕ ಗರಿಗಳು, ಅಂದರೆ ಒಳರೆಕ್ಕೆಯ ಹಾರಾಟದ ಗರಿಗಳು, ಬೂದು. ಆರ್ಕ್ಟಿಕ್ ರೀವದ ಎಳೆಹಕ್ಕಿಯಲ್ಲಿ ದ್ವಿತೀಯಕ ಗರಿಗಳು ಬಹುಮಟ್ಟಿಗೆ ಬಿಳಿಯಾಗಿದ್ದು, ಹಾರುವಾಗ ರೆಕ್ಕೆಯ ಹಿಂಭಾಗದಲ್ಲಿ ಬಿಳಿ ತ್ರಿಕೋನವೊಂದು ತೋರುತ್ತದೆ. ಸ್ಯಾಂಡ್‌ವಿಚ್ ರೀವದ ಪ್ರೌಢ ಹಕ್ಕಿಯ ಕಪ್ಪು ಕೊಕ್ಕಿಗಿರುವ ಹಳದಿ ತುದಿ ಎಳೆಹಕ್ಕಿಯಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಹಳದಿ ತುದಿಯೊಂದನ್ನೇ ಹುಡುಕುವವರು ಇಲ್ಲಿ ಎಡವುತ್ತಾರೆ.

ನಿಜವಾದ ಅಧ್ಯಯನ ಆರಂಭವಾಗುವುದು ರೆಕ್ಕೆಯಿಂದ. ರೀವಗಳ ಹೊರರೆಕ್ಕೆಯಲ್ಲಿ ಹಾರಾಟಕ್ಕೆ ನೆರವಾಗುವ ಹತ್ತು ದೊಡ್ಡ ಪ್ರಾಥಮಿಕ ಗರಿಗಳಿದ್ದು, ಅವನ್ನು ಒಳಗಿನಿಂದ ಹೊರಕ್ಕೆ ಒಂದರಿಂದ ಹತ್ತರವರೆಗೆ ಎಣಿಸುವುದು ರೂಢಿ. ಗರಿಗಳು ಉದುರಿ ಹೊಸದಾಗಿ ಮೂಡುವುದೂ ಅದೇ ಕ್ರಮದಲ್ಲಿ. ಹೊಸ ಗರಿಯ ಮೇಲೆ ಬೆಳ್ಳಿಯ ಹೊಳಪಿನ ನವಿರಾದ ಪದರವಿರುತ್ತದೆ. ತಿಂಗಳುಗಳು ಕಳೆದಂತೆ ಆ ಪದರ ಸವೆದು ಅಡಿಯ ಕಪ್ಪು ಬಣ್ಣ ಹೊರಬೀಳುತ್ತದೆ. ಬಹುತೇಕ ಹಕ್ಕಿಗಳಲ್ಲಿ ಹಳೆಯ ಗರಿ ಬಿಸಿಲಿಗೆ ಮಾಸಿ ಬಿಳಿಚಿಕೊಂಡರೆ, ರೀವಗಳ ಪ್ರಾಥಮಿಕ ಗರಿ ಹಳತಾದಷ್ಟೂ ಕಪ್ಪಾಗುತ್ತದೆ. ಈ ತಿರುವುಮುರುವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ರೀವದ ಛಾಯಾಚಿತ್ರವನ್ನು ಓದಲು ಹೊರಡುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಇದರಿಂದ ಎರಡು ಸಂಗತಿಗಳು ತಿಳಿಯುತ್ತವೆ. ಎಳೆಹಕ್ಕಿಯ ಪ್ರಾಥಮಿಕ ಗರಿಗಳೆಲ್ಲವೂ ಗೂಡಿನ ದಿನಗಳಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಬೆಳೆದವಾದ್ದರಿಂದ ಅವುಗಳ ನಡುವೆ ಹಳತು ಹೊಸತೆಂಬ ಭೇದವಿರುವುದಿಲ್ಲ. ಪ್ರೌಢ ಸಾಮಾನ್ಯ ರೀವದಲ್ಲಿಯಾದರೋ ಒಳಗಿನ ಕೆಲವು ಗರಿಗಳು ಸಂತಾನಕಾಲಕ್ಕೆ ಮುನ್ನ ಮತ್ತೊಮ್ಮೆ ಬದಲಾಗಿ ಹೊರಗಿನವು ಹಾಗೆಯೇ ಉಳಿಯುವುದರಿಂದ, ಬೇಸಗೆ ಮುಂದುವರಿದಂತೆ ತಿಳಿಬೂದಿನ ಒಳಗರಿಗಳಿಗೂ ಕಪ್ಪಾದ ಹೊರಗರಿಗಳಿಗೂ ನಡುವೆ ಬೆಣೆಯಾಕಾರದ ಕಪ್ಪು ಗುರುತು ಸ್ಪಷ್ಟವಾಗುತ್ತದೆ. ಆರ್ಕ್ಟಿಕ್ ರೀವವು ಚಳಿಗಾಲದಲ್ಲಿ ಎಲ್ಲ ಪ್ರಾಥಮಿಕ ಗರಿಗಳನ್ನೂ ಒಂದೇ ಸರಣಿಯಲ್ಲಿ ಬದಲಿಸಿಕೊಂಡು ಬರುವುದರಿಂದ ಅದರ ರೆಕ್ಕೆಯಲ್ಲಿ ಆ ಬೆಣೆ ಇರುವುದಿಲ್ಲ. ಹೀಗೆ ವಯಸ್ಸಿಗಾಗಿ ನೋಡಿದ ಗುರುತೇ ಪ್ರಭೇದವನ್ನೂ ಹೇಳಿಬಿಡುತ್ತದೆ.

ತಲೆಯ ಕಪ್ಪು ಟೋಪಿ ಮತ್ತು ಕೊಕ್ಕಿನ ಬಣ್ಣ ಕಣ್ಣಿಗೆ ಮೊದಲು ಬೀಳುತ್ತವೆ, ಆದರೆ ಅವುಗಳನ್ನು ಕೊನೆಗೆ ಪರಿಶೀಲಿಸುವುದೇ ಲೇಸು. ಸ್ಯಾಂಡ್‌ವಿಚ್ ರೀವದ ಕೆಲವು ಪ್ರೌಢ ಹಕ್ಕಿಗಳ ಹಣೆ ಮರಿಗಳನ್ನು ಸಾಕುತ್ತಿರುವಾಗಲೇ ಬಿಳಿಯಾಗತೊಡಗುತ್ತದೆ. ಕಿರು ರೀವದ ಹಣೆ ಸಂತಾನಕಾಲದಲ್ಲೂ ಬಿಳಿಯೇ. ದೊಡ್ಡ ಜುಟ್ಟಿನ ರೀವದಲ್ಲಿ ಕೊಕ್ಕಿಗೂ ಟೋಪಿಗೂ ನಡುವೆ ಬಿಳಿ ಪಟ್ಟಿ ಯಾವಾಗಲೂ ಇರುತ್ತದೆ. ಕ್ಯಾಸ್ಪಿಯನ್ ರೀವದ ಹಣೆಯಾದರೋ ಚಳಿಗಾಲದಲ್ಲಿ ಪೂರ್ತಿ ಬೆಳ್ಳಗಾಗದೆ ಕಪ್ಪು ಗೀರುಗಳಿಂದ ತುಂಬಿರುತ್ತದೆ. ಸಾಮಾನ್ಯ ರೀವದ ಕೊಕ್ಕು ಕಪ್ಪು ತುದಿಯ ಕೆಂಪೆಂದು ಎಲ್ಲರೂ ಕಲಿಯುತ್ತಾರೆ; ಆದರೆ ಚಳಿಗಾಲದಲ್ಲಿ ಅದು ಬಹುಪಾಲು ಕಪ್ಪಾಗುತ್ತದೆ, ಮತ್ತು ಸೈಬೀರಿಯಾದ ಪೂರ್ವಭಾಗದಲ್ಲಿ ಸಂತಾನ ನಡೆಸುವ ಲಾಂಗಿಪೆನಿಸ್ ಉಪಪ್ರಭೇದದಲ್ಲಿ ಸಂತಾನಕಾಲದಲ್ಲೂ ಕಪ್ಪೇ.

ಹೆಚ್ಚು ಗೊಂದಲ ಹುಟ್ಟಿಸುವುದು ಒಂದು ವರ್ಷದ ಹಕ್ಕಿ. ಬಿಳಿ ಹಣೆ, ಕಪ್ಪು ಕೊಕ್ಕು, ರೆಕ್ಕೆಯ ಮುಂದಿನ ಅಂಚಿನ ಗಾಢ ಪಟ್ಟೆ ಇವೆಲ್ಲ ಇರುವುದರಿಂದ ಅದು ಚಳಿಗಾಲದ ಪ್ರೌಢ ಹಕ್ಕಿಯನ್ನು ಹೋಲುತ್ತದೆ. ಇಂಥ ಹಕ್ಕಿಗಳಲ್ಲಿ ಅನೇಕವು ಮೊದಲ ಬೇಸಗೆಯನ್ನು ಚಳಿಗಾಲದ ನೆಲೆಗಳಲ್ಲೇ ಕಳೆಯುವುದರಿಂದ, ಪ್ರೌಢ ಹಕ್ಕಿಗಳು ಸಂತಾನದ ನೆಲೆಗಳಲ್ಲಿರುವ ತಿಂಗಳುಗಳಲ್ಲಿ ದೂರದ ಕಡಲತೀರದಲ್ಲಿ ಚಳಿಗಾಲದ ಪುಕ್ಕದ ರೀವ ಕಂಡರೆ ಮೊದಲು ಈ ವಯಸ್ಸನ್ನೇ ಶಂಕಿಸಬೇಕು. ಆಗಲೂ ತೀರ್ಮಾನ ರೆಕ್ಕೆಯದೇ: ಸವೆದು ಕಂದಾದ ಮರಿತನದ ಗರಿಗಳು ಹೊರತುದಿಯಲ್ಲಿ ಉಳಿದಿವೆಯೇ ಎಂದು ನೋಡಬೇಕು. ಎರಡು ವರ್ಷದ ಹಕ್ಕಿಗಳು ಪ್ರೌಢ ಹಕ್ಕಿಗಳಿಗೆ ಬಹಳ ಹತ್ತಿರ. ಹಣೆಯಲ್ಲಿ ಚದುರಿದ ಬಿಳಿ ಚುಕ್ಕೆಗಳಷ್ಟೇ ಸುಳಿವಾಗಬಹುದು, ಅದೂ ಖಚಿತವಲ್ಲ.

ಸೂಟಿ ಟರ್ನ್ ಮಾತ್ರ ಈ ಚೌಕಟ್ಟಿಗೆ ಒಗ್ಗುವುದಿಲ್ಲ. ಅದರ ಪ್ರೌಢ ಹಕ್ಕಿ ಮೇಲೆ ಕಪ್ಪು, ಕೆಳಗೆ ಬಿಳಿ. ಎಳೆಹಕ್ಕಿಯಾದರೋ ಎದೆಯವರೆಗೂ ಮಸಿಗಂದು ಬಣ್ಣದ್ದಾಗಿದ್ದು ಬೆನ್ನಿನ ಮೇಲೆ ಬಿಳಿ ಚುಕ್ಕೆಗಳನ್ನು ಹೊತ್ತಿರುತ್ತದೆ.

ಟಿಪ್ಪಣಿ ಬರೆಯುವಾಗ ಪ್ರಭೇದದ ಹೆಸರಿಗಿಂತ ಮೊದಲು ದಿನಾಂಕ, ಬೆಳಕು ಬಿದ್ದ ದಿಕ್ಕು, ಎಷ್ಟನೆಯ ಪ್ರಾಥಮಿಕ ಗರಿಯವರೆಗೆ ಹೊಸತು, ಬಾಲದ ತುದಿ ಮಡಿಸಿದ ರೆಕ್ಕೆಯನ್ನು ದಾಟುತ್ತದೆಯೇ ಎಂಬುದನ್ನು ದಾಖಲಿಸಬೇಕು. ಬೆಳಕಿಗೆ ಎದುರಾಗಿ ಕಂಡ ರೆಕ್ಕೆ ನಿಜಕ್ಕಿಂತ ಕಪ್ಪಾಗಿ ತೋರುವುದರಿಂದ ಹಕ್ಕಿ ತಿರುಗಿದಾಗ ಇನ್ನೊಂದು ಚಿತ್ರ ತೆಗೆಯುವುದು ಉಪಯುಕ್ತ. ಗುಂಪಿನಲ್ಲಿ ಆಹಾರ ಬೇಡುವ ಹಕ್ಕಿಯನ್ನೂ ಗಮನಿಸಬೇಕು: ಜುಟ್ಟಿನ ರೀವಗಳು ಹಾರಲು ಕಲಿತ ಮರಿಗಳಿಗೆ ತಿಂಗಳುಗಟ್ಟಲೆ ಉಣಿಸುವುದರಿಂದ, ಅದರ ಪಕ್ಕದ ಪ್ರೌಢ ಹಕ್ಕಿಯೇ ಎಳೆಯದರ ಪ್ರಭೇದಕ್ಕೆ ಅನೇಕ ವೇಳೆ ಸಾಕ್ಷಿಯಾಗುತ್ತದೆ.